ಹೀ, ಶೀ ಮತ್ತು ಒಂದು ಮೈಸೂರು ಪೇಟ

ಈ ವಿಷಯವನ್ನು ಬರೆಯುತ್ತೇನೆಂದು ಕುಳಿತು ಎದ್ದದ್ದು ಎಷ್ಟು ಸಲವೋ ನನಗೇ ಗೊತ್ತಿಲ್ಲ. ಮೊದಲ ಸಲ ಕಣ್ಣಿನ ಪೊರೆ ನೆಪವಾಯಿತು. ಪೊರೆ ತೆಗೆಸಿಕೊಂಡ ಮೇಲೆ ಎಲ್ಲವೂ ನಿಚ್ಚಳವಾಗಿ ಕಾಣತೊಡಗಿತು. ಆಗ ಅದೇ ನೆಪವಾಯಿತು. ಆಮೇಲೆ ಮಂಡಿನೋವು ಬಂತು. ‘ಮಂಡಿಗೂ ಬರೆಯೋದಕ್ಕೂ ಏನಪ್ಪಾ ಸಂಬಂಧ?’ ಎಂದು ಮಗಳು ಕೇಳಿದಳು. ಕೂತು ಬರೆಯಬೇಕಲ್ಲಮ್ಮ ಎಂದೆ. ಅವಳು ಸಿಂಗಸಂದ್ರದ ತನ್ನ ಫ್ಲಾಟಿನ ಬಾಲ್ಕನಿಯಲ್ಲಿ ನನಗಾಗಿ ಒಂದು ಎತ್ತರದ ಕುರ್ಚಿಯನ್ನೂ ಮೇಜನ್ನೂ ಹಾಕಿಸಿಕೊಟ್ಟಳು. ಅಲ್ಲಿ ಕೂತು ಹೊಸೂರು ರಸ್ತೆಯ ಮೇಲೆ ಹೋಗುವ ಕಂಪನಿ ಬಸ್ಸುಗಳನ್ನು ನೋಡುತ್ತ ಎರಡು ವರ್ಷ ಕಳೆದೆ. ಮುಂದೂಡುವುದಕ್ಕೆ ಇಷ್ಟು ಒಳ್ಳೆಯ ಸ್ಥಳ ಇನ್ನೊಂದಿಲ್ಲ. ತಪ್ಪು ಮಾಡಲು ಐದು ನಿಮಿಷ ಸಾಕು, ಒಪ್ಪಿಕೊಳ್ಳಲು ಯಾಕೆ ಇಪ್ಪತ್ತೈದು ವರ್ಷ ಬೇಕು ಎಂದು ಯಾರಾದರೂ ಕೇಳಿದರೆ ಮತ್ತೆ ಮಂಡಿಯನ್ನೇ ತೋರಿಸಿಯೇನು. ನನ್ನ ವಯಸ್ಸು ಎಪ್ಪತ್ತೆರಡು. ಇನ್ನು ಮುಂದೂಡಿದರೆ ಮುಂದೂಡುವವನೇ ಇರುವುದಿಲ್ಲ ಎಂದು ಈಗ ಬರೆಯುತ್ತಿದ್ದೇನೆ.

ಒಬ್ಬೊಬ್ಬ ಮನುಷ್ಯನಿಗೂ ಎಷ್ಟು ಪ್ರಯತ್ನಪಟ್ಟರೂ ಕೈಗೆ ಹತ್ತದ ಒಂದು ವಿದ್ಯೆ ಇರುತ್ತದೆ. ಕೆಲವರಿಗೆ ಈಜು, ಕೆಲವರಿಗೆ ಸೈಕಲ್ಲು. ನನ್ನ ಅಣ್ಣನೊಬ್ಬ ಸಾಯುವವರೆಗೂ ಟೈ ಕಟ್ಟಲು ಕಲಿಯಲಿಲ್ಲ, ಆದರೆ ಅವನಿಗೆ ಟೈ ಬೇಕಾಗಿರಲೂ ಇಲ್ಲ. ನನಗೆ ಬೇಕಾಗಿದ್ದೂ ಬಾರದೆ ಹೋದದ್ದು ಇಂಗ್ಲಿಷಿನ ಸರ್ವನಾಮ. ಹೆಸರು ಯಾರದೋ ಅವರಿಗೆ ತಕ್ಕ ‘ಹೀ’, ‘ಶೀ’, ‘ದೇ’ಗಳನ್ನು ಜೋಡಿಸುವ ಕೆಲಸ. ಹೇಳಲು ಎಷ್ಟು ಸಣ್ಣದು! ಕಾರು ಓಡಿಸುವವರಿಗೆ ಕ್ಲಚ್ಚಿನಷ್ಟು ಸಣ್ಣದು. ಆದರೆ ಅದು ಹಿಡಿತಕ್ಕೆ ಸಿಗದೆ ಹೋದರೆ ಗಾಡಿ ಪ್ರತಿ ವಾಕ್ಯದಲ್ಲೂ ಒಮ್ಮೆ ಜಿಗಿದು ನಿಲ್ಲುತ್ತದೆ.

ಇದಕ್ಕೆ ಕಾರಣ ನೆಲಮಂಗಲದ ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಅವರು ಕಪ್ಪು ಹಲಗೆಯ ಮೇಲೆ ಒಂದು ಪಟ್ಟಿ ಬರೆದು ಬಾಯಿಪಾಠ ಮಾಡಿಸಿದ್ದರು. ಹೀ ಅಂದರೆ ಅವನು, ಶೀ ಅಂದರೆ ಅವಳು, ದೇ ಅಂದರೆ ಅವರು. ನಾನು ಎದ್ದು ನಿಂತು, ‘ಸಾರ್, ಹೆಡ್‌ಮಾಸ್ಟರಿಗೆ ಏನನ್ನಬೇಕು?’ ಎಂದು ಕೇಳಿದೆ. ‘ಹೀ ಅನ್ನಬೇಕು.’ ‘ಅಂದ್ರೆ ಹೆಡ್‌ಮಾಸ್ಟರನ್ನ ಅವನು ಅನ್ನಬಹುದಾ ಸಾರ್?’ ಮೇಷ್ಟ್ರು ಒಮ್ಮೆ ಬಾಗಿಲಿನ ಕಡೆ ನೋಡಿದರು. ‘ಕೂತ್ಕೊಳೋ ತರಲೆ’ ಎಂದರು. ನನ್ನ ಇಂಗ್ಲಿಷ್ ವ್ಯಾಕರಣದ ಅಭ್ಯಾಸ ಅಲ್ಲಿಗೆ ಮುಗಿಯಿತು. ಆಮೇಲೆ ನಾನೇ ಒಂದು ನಿಯಮ ಮಾಡಿಕೊಂಡೆ. ದೊಡ್ಡವರೆಲ್ಲರಿಗೂ, ಅವರು ಒಬ್ಬರೇ ಇದ್ದರೂ, ‘ದೇ’. ನನ್ನ ಸಮಾನರಿಗೆ ‘ಹೀ’. ಇನ್ನು ‘ಶೀ’ ಎಂಬುದು ನನ್ನ ಪೆನ್ನಿನಿಂದ ಇಳಿಯುತ್ತಲೇ ಇರಲಿಲ್ಲ. ಒಬ್ಬ ಮೇಡಂ ಬಗ್ಗೆ ‘ಶೀ’ ಎಂದು ಬರೆದರೆ ಅವರನ್ನು ಎದುರಿಗೇ ‘ಅವಳು’ ಎಂದಂತೆ ಅನ್ನಿಸುತ್ತಿತ್ತು. ಮರ್ಯಾದೆಗೆಂದು ಅವರಿಗೂ ‘ಹೀ’ ಎಂದೇ ಬರೆಯುತ್ತಿದ್ದೆ. ಎಷ್ಟು ಹೆಂಗಸರನ್ನು ನಾನು ಹೀಗೆ ಗೌರವದಿಂದ ಗಂಡಸರನ್ನಾಗಿ ಮಾಡಿದ್ದೇನೋ ದೇವರಿಗೇ ಗೊತ್ತು.

ಇಂಥ ನಾನು ಪೀಣ್ಯ ಎರಡನೇ ಹಂತದಲ್ಲಿ ಪಂಪಿನ ವಾಲ್ವು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಹೆಡ್ ಕ್ಲರ್ಕ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನು. ಸುತ್ತ ಇದ್ದವರೆಲ್ಲ ಟರ್ನರ್‌ಗಳು, ಫಿಟ್ಟರ್‌ಗಳು. ಕೈಯಲ್ಲಿ ಅದ್ಭುತ ಕೆಲಸವಿದ್ದವರು, ಇಂಗ್ಲಿಷ್ ಕಾಗದ ಕಂಡರೆ ಮಾತ್ರ ದೂರ ಸರಿಯುವವರು. ಹಾಗಾಗಿ ನನ್ನನ್ನು ‘ಇಂಗ್ಲಿಷ್ ಸಾರ್’ ಎನ್ನುತ್ತಿದ್ದರು. ಆ ಹೆಸರನ್ನು ನಾನು ಬೇಡ ಎನ್ನಲಿಲ್ಲ. ಒಮ್ಮೆ ನಮ್ಮ ಮಾಲೀಕರು ವೈಟ್‌ಫೀಲ್ಡ್ ಕಡೆಯ ಒಂದು ದೊಡ್ಡ ಕಂಪನಿಗೆ ವ್ಯವಹಾರದ ಮಾತಿಗೆ ಹೋಗುವವರಿದ್ದರು. ಮಾಲೀಕರು ಬರುತ್ತಾರೆ, ಅವರಿಗೆ ಸಸ್ಯಾಹಾರದ ಊಟ ಬೇಕು, ಅವರನ್ನು ಗೇಟಿನಲ್ಲಿ ಬರಮಾಡಿಕೊಳ್ಳಿ ಎಂದು ನಾನು ಮೊದಲೇ ಕಾಗದ ಬರೆದು ಕಳಿಸಿದ್ದೆ. ಉದ್ದಕ್ಕೂ ‘ದೇ’. ಅವರು ಸಾಯಂಕಾಲ ವಾಪಸು ಬಂದು ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದರು. ‘ಏನ್ರೀ ಹೆಡ್ ಕ್ಲರ್ಕು, ನನ್ ಜೊತೆ ಇನ್ನೈದು ಜನ ಬರ್ತಾರೆ ಅಂತ ಯಾರ್ರೀ ಅಂದಿದ್ದು? ಆರು ಎಲೆ ಹಾಕ್ಕೊಂಡು ಕೂತಿದ್ರು ಅಲ್ಲಿ. ನಾನೊಬ್ನೇ ಸ್ಕೂಟರಲ್ಲಿ ಹೋಗಿ ಇಳಿದ್ರೆ, ಮಿಕ್ಕೋರು ಎಲ್ಲಿ ಅಂತ ವಾಚ್‌ಮನ್ನು ರೋಡಿಗೆ ಹೋಗಿ ನೋಡ್ಕೊಂಡು ಬಂದ!’ ನಾನು ಗಂಭೀರವಾಗಿ, ಕೈಬರಹದ ಕಾಗದ ಕಳಿಸಿದರೆ ಹೀಗೇ ಆಗುವುದು ಸಾರ್, ನಮಗೊಬ್ಬ ಟೈಪಿಸ್ಟ್ ಬೇಕು ಎಂದೆ. ತಪ್ಪನ್ನು ಪಕ್ಕದಲ್ಲಿರುವ ವಸ್ತುವಿನ ಮೇಲೆ ಹಾಕುವ ನನ್ನ ಚಾಳಿ ಆಗಿನ್ನೂ ವಸ್ತುಗಳ ಮಟ್ಟದಲ್ಲೇ ಇತ್ತು.

ಹಾಗೆ ಬಂದವಳು ಆಕೆ. ಪಿಯುಸಿ ಮುಗಿಸಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿಕೊಂಡಿದ್ದ ಇಪ್ಪತ್ತೊಂದರ ಹುಡುಗಿ. ಅಲ್ಲೇ ಹತ್ತಿರದ ಹಳ್ಳಿಯವಳು. ಹಳ್ಳಿ ಎಂದರೆ ಕಾರ್ಖಾನೆಗಳ ನಡುವೆ ಉಳಿದಿದ್ದ ನಾಲ್ಕು ಬೀದಿ. ಕೆಲಸಕ್ಕೆ ಸೇರಿದ ವಾರ ಆಕೆ ಕಿಟಕಿಯಿಂದ ಶೆಡ್ಡಿನ ಕಡೆ ಕೈ ತೋರಿಸಿ, ‘ಆ ಲೇತ್ ಮಿಷಿನ್ ಇದೆಯಲ್ಲ ಸಾರ್, ಅಲ್ಲಿ ನಮ್ಮಜ್ಜ ರಾಗಿ ಕಣ ಮಾಡ್ತಿದ್ರಂತೆ’ ಎಂದಳು. ನಾನು ಹೌದೇ ಎಂದೆ. ‘ನಮ್ ಜಾಗದಲ್ಲೇ ನಾನು ಟೆಂಪರರಿ ನೋಡಿ’ ಎಂದು ನಕ್ಕಳು. ತಮಾಷೆಗೆ ಹೇಳಿದ ಮಾತು. ಆದರೆ ಮನೆಯಲ್ಲಿ ದುಡಿಯುವವಳು ಆಕೆ ಒಬ್ಬಳೇ, ತಂದೆ ಹಾಸಿಗೆ ಹಿಡಿದಿದ್ದರು. ಪರ್ಮನೆಂಟ್ ಆಗುವುದೊಂದೇ ಆಕೆಗೆ ಬೇಕಾಗಿದ್ದದ್ದು. ಅದಕ್ಕಾಗಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಟೈಪ್‌ರೈಟರಿನ ಹೊದಿಕೆ ತೆಗೆಯುತ್ತಿದ್ದಳು.

ಆಕೆ ಬಂದ ಮೇಲೆ ಒಂದು ಪವಾಡ ನಡೆಯಿತು. ನನ್ನ ಇಂಗ್ಲಿಷ್ ಸುಧಾರಿಸಿತು. ನಾನು ಕೈಯಲ್ಲಿ ಡ್ರಾಫ್ಟ್ ಬರೆದುಕೊಡುವುದು, ಆಕೆ ಟೈಪ್ ಮಾಡುವುದು, ನಾನು ರುಜು ಹಾಕುವುದು. ಕಾಗದದ ಎಡಮೂಲೆಯಲ್ಲಿ ಬರೆದವನ ಇನಿಷಿಯಲ್ಲು, ಒಂದು ಓರೆಗೆರೆ, ಆಮೇಲೆ ಟೈಪ್ ಮಾಡಿದವರ ಇನಿಷಿಯಲ್ಲು ಹಾಕುವುದು ಆಗಿನ ಕಚೇರಿಗಳ ಕ್ರಮ. ನನ್ನದು ದೊಡ್ಡಕ್ಷರದಲ್ಲಿ, ಆಕೆಯದು ಸಣ್ಣಕ್ಷರದಲ್ಲಿ. ಹೋದ ಕಡೆಯಿಂದೆಲ್ಲ ಸರಿಯಾದ ಉತ್ತರ ಬರತೊಡಗಿತು. ಒಬ್ಬರು ಹೋದರೆ ಒಂದೇ ಊಟ ಇಟ್ಟಿರುತ್ತಿದ್ದರು. ಒಮ್ಮೆ ಮದರಾಸಿನ ಒಂದು ಕಂಪನಿಯವರು, ನಿಮ್ಮ ಪತ್ರ ಬಹಳ ಸ್ಪಷ್ಟವಾಗಿದೆ ಎಂದು ಬರೆದರು. ಮಾಲೀಕರು ಅದನ್ನು ನನಗೆ ತೋರಿಸಿ, ‘ಪರವಾಗಿಲ್ಲ ಕಣ್ರೀ, ವಯಸ್ಸಾಗ್ತಾ ಆಗ್ತಾ ಹದ ಆಗ್ತಿದೀರ’ ಎಂದರು. ನಾನೂ ಹಾಗೆಯೇ ತಿಳಿದುಕೊಂಡೆ. ಬರೆದು ಬರೆದು ಕೈ ಪಳಗಿದೆ ಎಂದು ಮನೆಯಲ್ಲಿ ಹೇಳಿಕೊಂಡೆ. ಬೀದಿಯ ಇಬ್ಬರಿಗೆ ಅರ್ಜಿಯನ್ನೂ ಬರೆದುಕೊಟ್ಟೆ. ಅವರ ಅರ್ಜಿಗಳು ಏನಾದವು ಎಂದು ಯಾಕೋ ವಿಚಾರಿಸಲಿಲ್ಲ.

ಎರಡು ವರ್ಷ ಹೀಗೆ ಸುಖವಾಗಿದ್ದೆ. ಒಂದು ದಿನ ಟೀ ಹೊತ್ತಿನಲ್ಲಿ ಫೋರ್‌ಮನ್ ಚಿಕ್ಕಣ್ಣ ನನ್ನ ಮೇಜಿಗೆ ಒರಗಿ ನಿಂತು ಎಲ್ಲರೆದುರು, ‘ಏನ್ ಗುರುವೇ, ನಿನ್ ಇಂಗ್ಲಿಷಿಗೆ ಆ ಟೈಪಮ್ಮ ದಿನಾ ಎಣ್ಣೆಸ್ನಾನ ಮಾಡಿಸ್ತಾವ್ಳಂತೆ?’ ಎಂದ. ‘ಅಂಗಂದ್ರೆ?’ ಎಂದೆ, ಅವನದೇ ಧಾಟಿಯಲ್ಲಿ. ‘ಅಂಗಂದ್ರೆ ಅಂಗೇ. ನೀನು ಗಂಡು ಅಂದಿದ್ದನ್ನ ಎಣ್ಣು ಮಾಡ್ತಾಳೆ, ಆರು ಜನ ಅಂದಿದ್ದನ್ನ ಒಬ್ರು ಮಾಡ್ತಾಳೆ. ನಾನೇ ನೋಡೀವ್ನಿ, ನಿನ್ ಚೀಟಿ ಪಕ್ದಲ್ಲಿ ಮಡಿಕ್ಕೊಂಡು ತಿದ್ದಿ ತಿದ್ದಿ ಟೈಪ್ ಒಡೀತಾಳೆ.’ ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಫೈಲುಗಳನ್ನು ಕೆಳಗಿಳಿಸಿ, ನನ್ನ ಡ್ರಾಫ್ಟುಗಳನ್ನೂ ಕಾರ್ಬನ್ ಪ್ರತಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಚಿಕ್ಕಣ್ಣ ಹೇಳಿದ್ದು ಕಡಿಮೆಯೇ ಆಗಿತ್ತು. ನನ್ನ ಕಾಗದಗಳಲ್ಲಿ ನನ್ನದಾಗಿ ಉಳಿದಿದ್ದದ್ದು ರುಜು ಮತ್ತು ತಾರೀಖು. ತಾರೀಖನ್ನೂ ಎರಡು ಕಡೆ ತಿದ್ದಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಆಕೆಗೆ ಒಂದು ಕಾಫಿ ಕುಡಿಸಿ, ಚೆನ್ನಾಗಿ ತಿದ್ದಿದ್ದೀಯಮ್ಮ ಎನ್ನುತ್ತಿದ್ದರು. ಎರಡು ವರ್ಷ ಯಾರಿಗೂ ಹೇಳದೆ ನನ್ನ ಮಾನ ಕಾಪಾಡಿದವಳು. ನನಗೆ ಹೊಳೆದದ್ದು ಅದಲ್ಲ. ಎರಡು ವರ್ಷದಿಂದ ಈ ಹುಡುಗಿ ಒಳಗೊಳಗೇ ನನ್ನನ್ನು ನೋಡಿ ನಗುತ್ತಿದ್ದಾಳೆ ಎಂದು ಹೊಟ್ಟೆ ಉರಿಯಿತು. ನೇರವಾಗಿ ಮಾಲೀಕರ ಕೋಣೆಗೆ ಹೋದೆ. ‘ಸಾರ್, ಟೈಪಿಸ್ಟು ನನ್ನ ಡ್ರಾಫ್ಟನ್ನ ನನ್ನ ಕೇಳದೆ ಬದಲಾಯಿಸ್ತಾಳೆ. ಇವತ್ತು ಒಂದು ಪದ, ನಾಳೆ ಒಂದು ರೇಟು. ಆಮೇಲೆ ಜವಾಬ್ದಾರಿ ಯಾರದ್ದು?’ ಏನು ಬದಲಾಯಿಸುತ್ತಾಳೆ ಎಂದು ಮಾಲೀಕರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಕೆಯನ್ನು ಕರೆಸಿದರು. ‘ನೋಡಮ್ಮ, ಡ್ರಾಫ್ಟಲ್ಲಿ ಏನಿದೆಯೋ ಅದನ್ನ ಹೊಡಿ. ತಲೆ ಉಪಯೋಗಿಸೋದಕ್ಕೆ ಅವರಿದಾರೆ.’ ಆಕೆ ಒಮ್ಮೆ ನನ್ನ ಕಡೆ ನೋಡಿ, ‘ಆಯ್ತು ಸಾರ್’ ಎಂದಳು. ಅಂದಿನಿಂದ ಅಕ್ಷರಕ್ಕೆ ಅಕ್ಷರ ನಾನು ಬರೆದದ್ದನ್ನೇ ಹೊಡೆದಳು.

ಆಯುಧಪೂಜೆ ಹತ್ತಿರ ಬಂತು. ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಏನೆಂದು ಅಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಮಿಷಿನ್ನುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ವರ್ಷವೆಲ್ಲ ಬೈಯುತ್ತಿದ್ದ ಮಿಷಿನ್ನಿಗೇ ಕೈಮುಗಿಯುವ ದಿನ. ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು. ಆ ವರ್ಷ ಯಾರನ್ನು ಪರ್ಮನೆಂಟ್ ಮಾಡುತ್ತಾರೋ ಅವರ ಆರ್ಡರನ್ನು ಲಕೋಟೆಯಲ್ಲಿ ಹಾಕಿ, ಕುಂಕುಮ ಹಚ್ಚಿ, ಸ್ವೀಟ್ ಬಾಕ್ಸಿನ ಜೊತೆ ಅಂದೇ ಕೊಡುತ್ತಿದ್ದರು. ಆ ವರ್ಷದ ಐದು ಹೆಸರಿನಲ್ಲಿ ಆಕೆಯ ಹೆಸರೂ ಇತ್ತು. ಆರ್ಡರುಗಳನ್ನು ಟೈಪ್ ಮಾಡಿದವಳೂ ಆಕೆಯೇ. ತನ್ನದನ್ನು ಟೈಪ್ ಮಾಡುವಾಗ ಒಂದು ಹಾಳೆ ಕೆಟ್ಟಿತೆಂದು ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡು ಹೋದಳು. ಎರಡು ವರ್ಷದಲ್ಲಿ ಆಕೆ ಹಾಳೆ ಕೆಡಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪೂಜೆಯ ಕಾರ್ಯಕ್ರಮಪಟ್ಟಿ ಬರೆಯುವುದು ನನ್ನ ಕೆಲಸ. ನಾನು ಯಾವುದನ್ನೂ ಹೊಸದಾಗಿ ಬರೆಯುತ್ತಿರಲಿಲ್ಲ. ಹಿಂದಿನ ವರ್ಷದ ಫೈಲು ತೆಗೆದು, ಹಳೆಯ ಹೆಸರಿರುವ ಕಡೆ ಹೊಸ ಹೆಸರು ಹಾಕುತ್ತಿದ್ದೆ. ಹಿಂದಿನ ವರ್ಷ ಮುಖ್ಯ ಅತಿಥಿಯಾಗಿ ಬಂದಿದ್ದವರು ಒಬ್ಬ ಇನ್‌ಸ್ಪೆಕ್ಟರು, ಹೆಂಡತಿಯ ಸಮೇತ. ಈ ವರ್ಷ ಬರುವವರು ನಮಗೆ ಸಾಲ ಕೊಡುವ ಬ್ಯಾಂಕಿನ ದೊಡ್ಡ ಅಧಿಕಾರಿ. ಮೇಡಂ. ನಾನು ಇನ್‌ಸ್ಪೆಕ್ಟರ ಹೆಸರಿದ್ದ ಕಡೆ ಮೇಡಮ್ಮಿನ ಹೆಸರು ಬರೆದೆ. ಮಿಕ್ಕದ್ದನ್ನು ಕೈ ತಾನೇ ನಕಲು ಮಾಡಿತು. ‘ಹೀ’ ದೀಪ ಬೆಳಗುತ್ತಾರೆ, ‘ಹಿಮ್’ಗೆ ಮೈಸೂರು ಪೇಟ ಮತ್ತು ಶಾಲು, ‘ಹಿಸ್ ವೈಫ್’ಗೆ ಸೀರೆ, ರವಿಕೆ ಕಣ, ಬಳೆ, ತಾಂಬೂಲ. ನನ್ನ ಕಣ್ಣಿಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ, ಯಾಕೆಂದರೆ ನಾನು ಅದನ್ನು ಓದಲೇ ಇಲ್ಲ.

ಆಕೆ ಹಾಳೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ‘ಸಾರ್, ಇದನ್ನ ಇನ್ನೊಂದ್ಸಲ ನೋಡಿಬಿಡ್ತೀರಾ?’

‘ಯಾಕೆ, ನನ್ನ ಅಕ್ಷರ ಗೊತ್ತಾಗಲ್ವಾ?’

‘ಅಕ್ಷರ ಗೊತ್ತಾಗುತ್ತೆ ಸಾರ್. ಆದ್ರೆ ಈ ಸಲ ಬರೋರು...’

‘ಬರೋರು ಯಾರು ಅಂತ ನಂಗೊತ್ತು ತಾಯಿ. ನಾನೇ ಫೋನ್ ಮಾಡಿ ಕರೆದಿದೀನಿ. ಸಾಹೇಬ್ರು ಏನ್ ಹೇಳಿದಾರೆ? ಇದ್ದಹಾಗೆ ಹೊಡಿ.’

‘ಆಯ್ತು ಸಾರ್’ ಎಂದು ಹೊರಟವಳು, ಬಾಗಿಲ ಬಳಿ ಒಂದು ಕ್ಷಣ ನಿಂತಳು. ನಾನು ಫೈಲಿನೊಳಗೆ ತಲೆ ತಗ್ಗಿಸಿದೆ. ಆಕೆ ಹೋದಳು. ಟೈಪ್‌ರೈಟರಿನ ಸದ್ದು ಕೇಳಿಸಿತು. ಅಂದು ಆ ಸದ್ದು ಬಹಳ ನಿಧಾನವಾಗಿತ್ತು.

ಪೂಜೆಯ ದಿನ ಸ್ಟೋರಿನವರು ಆ ಪಟ್ಟಿಯನ್ನೇ ಹಿಡಿದುಕೊಂಡು ಎಲ್ಲವನ್ನೂ ತಂದು ಎರಡು ತಟ್ಟೆಯಲ್ಲಿ ಜೋಡಿಸಿದ್ದರು. ಮೇಡಂ ಬಂದರು. ಜೊತೆಗೆ ಅವರ ಯಜಮಾನರು; ಸೌಮ್ಯ ಮನುಷ್ಯ, ಕಾಲೇಜು ಮೇಷ್ಟ್ರಂತೆ ಕಾಣುತ್ತಿದ್ದರು. ಮೈಕಿನ ಮುಂದೆ ನಾನು. ಓದುತ್ತ ಹೋದೆ. ಓದುವವನಿಗೆ ಓದಿದ್ದು ಕೇಳಿಸಬೇಕೆಂಬ ನಿಯಮವಿಲ್ಲವಲ್ಲ. ಮೊದಲು ಮೇಡಮ್ಮಿನ ತಲೆಗೆ ಪೇಟ ತೊಡಿಸಲಾಯಿತು. ಅವರು ತುರುಬಿಗೆ ದಪ್ಪನೆಯ ಮಲ್ಲಿಗೆ ದಂಡೆ ಮುಡಿದಿದ್ದರು. ಪೇಟ ಅದರ ಮೇಲೆ ಕೂರಲಾರದೆ ಮೂಗಿನ ತನಕ ಜಾರಿತು. ಆಮೇಲೆ ನಾನು ಗಟ್ಟಿಯಾಗಿ ‘ಹಿಸ್ ವೈಫ್’ ಎಂದೆ. ಮಾಲೀಕರ ಸೊಸೆ ಎರಡನೆಯ ತಟ್ಟೆ ಹಿಡಿದು ಮುಂದೆ ಬಂದಳು. ವೇದಿಕೆಯ ಮೇಲೆ ಅತ್ತ ನೋಡಿದಳು, ಇತ್ತ ನೋಡಿದಳು. ಉಳಿದಿದ್ದವರು ಒಬ್ಬರೇ. ಹುಡುಗಿ ಪಾಪ, ಹೊಸದಾಗಿ ಬಂದ ಸೊಸೆ, ಹೇಳಿದ್ದನ್ನು ಮಾಡಿ ಅಭ್ಯಾಸ. ಸೀರೆ, ರವಿಕೆ ಕಣ, ಒಂದು ಡಜನ್ ಹಸಿರು ಬಳೆ ಇದ್ದ ತಟ್ಟೆಯನ್ನು ಆ ಯಜಮಾನರ ಕೈಗೇ ಕೊಟ್ಟು, ಅಭ್ಯಾಸಬಲದಿಂದ ಕುಂಕುಮವನ್ನೂ ಇಟ್ಟು, ಕಾಲಿಗೆ ನಮಸ್ಕಾರ ಮಾಡಿದಳು. ಅವರು ‘ದೀರ್ಘಸುಮಂಗಲೀ ಭವ’ ಎಂದರು. ಬೇರೆ ಏನೆನ್ನಬೇಕು? ಶೆಡ್ಡಿನಲ್ಲಿ ಮನೆಮಂದಿಯ ಸಮೇತ ಕೂತಿದ್ದ ಇನ್ನೂರು ಜನ ಕತ್ತೆತ್ತಿ ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಚಿಕ್ಕಣ್ಣ, ‘ಅಣ್ಣಂಗೆ ಬಳೆ ಅಳತೆ ಸರಿಹೋಯ್ತದಾ ನೋಡ್ರಪ್ಪಾ!’ ಎಂದ. ಅಲ್ಲಿಗೆ ಎಲ್ಲವೂ ಮುಗಿಯಿತು. ಪೇಟದೊಳಗಿಂದ ಮೇಡಂ ನಕ್ಕರೋ ಸಿಟ್ಟಾದರೋ ತಿಳಿಯಲಿಲ್ಲ, ಮುಖ ಕಾಣುತ್ತಿರಲಿಲ್ಲ.

ನೀವು ನಗಬಹುದು. ಈ ಭಾಗವನ್ನು ನಾನೇ ಎಷ್ಟೋ ಮದುವೆಮನೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ಇಲ್ಲಿಗೆ ನಿಲ್ಲಿಸಿ, ಚಪ್ಪಾಳೆ ಹೊಡೆಸಿಕೊಂಡು ಊಟಕ್ಕೆ ಎದ್ದುಬಿಡುತ್ತಿದ್ದೆ. ಇದರ ಮುಂದಿನದನ್ನು ಯಾರಿಗೂ ಹೇಳಿಲ್ಲ.

ಅತಿಥಿಗಳು ಹೋದ ಮೇಲೆ ಮಾಲೀಕರು ಪಟ್ಟಿಯನ್ನು ಕೈಯಲ್ಲಿ ಹಿಡಿದು ಆಫೀಸಿಗೆ ಬಂದರು. ಅಲ್ಲಿ ಇದ್ದವರು ನಾನು, ಆಕೆ. ‘ಯಾರ್ರೀ ಇದನ್ನ ಬರೆದಿದ್ದು? ಬ್ಯಾಂಕಿನವರ ಮುಂದೆ ನನ್ನ ಮಾನ ಹರಾಜು ಹಾಕಿದೋರು ಯಾರು?’ ನನಗೆ ಇನ್ನೂ ಹನ್ನೆರಡು ವರ್ಷ ಸರ್ವಿಸು ಇತ್ತು, ಮಗಳ ಓದು ಇತ್ತು, ‘ಇಂಗ್ಲಿಷ್ ಸಾರ್’ ಎಂಬ ಹೆಸರು ಇತ್ತು. ಹೆಸರೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು ಎಂದು ಈಗ ನಾಚಿಕೆಯಿಂದ ಹೇಳುತ್ತೇನೆ. ‘ಟೈಪಿಂಗ್ ಮಿಸ್ಟೇಕು ಸಾರ್’ ಎಂದೆ.

ಮಾಲೀಕರು ಎಡಮೂಲೆಯ ಸಣ್ಣಕ್ಷರಗಳನ್ನು ನೋಡಿದರು. ಆಮೇಲೆ ಆಕೆಯನ್ನು ನೋಡಿದರು. ‘ಏನಮ್ಮಾ?’

ನನ್ನ ಕೈಬರಹದ ಡ್ರಾಫ್ಟು ಆಕೆಯ ಮೇಜಿನ ಮೇಲಿನ ಖಾನೆಯಲ್ಲಿತ್ತು. ನನಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಕೆ ನನ್ನ ಮುಖ ನೋಡಿದಳು. ನಾನೇ ಬಾಯಿಬಿಡಲೆಂದು ಕಾದಳೆಂದು ಆಮೇಲೆ ಅರ್ಥವಾಯಿತು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ತಿಂಗಳ ಹಬ್ಬಗಳನ್ನು ಓದುತ್ತಿದ್ದೆ. ‘ತಪ್ಪಾಯ್ತು ಸಾರ್’ ಎಂದಳು ಆಕೆ.

ಮಧ್ಯಾಹ್ನ ಶೆಡ್ಡಿನಲ್ಲಿ ಲಕೋಟೆ ಹಂಚಿದರು. ತಟ್ಟೆಯಲ್ಲಿ ಐದು ಇದ್ದವು. ಮಾಲೀಕರು ನಾಲ್ಕು ಹೆಸರು ಕರೆದು, ಐದನೆಯದನ್ನು ಎತ್ತಿ, ಹೆಸರು ನೋಡಿ, ಮಡಿಸಿ ಜೇಬಿಗೆ ಹಾಕಿಕೊಂಡರು. ಆಕೆ ಸೆರಗು ಸರಿಮಾಡಿಕೊಂಡು ಮುಂದಿನ ಸಾಲಿಗೆ ಬಂದು ನಿಂತಿದ್ದಳು. ಸ್ವೀಟ್ ಬಾಕ್ಸನ್ನು ಮಾತ್ರ ಕೊಟ್ಟರು. ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡಳು.

ಹಬ್ಬ ಮುಗಿದು ಬಾಗಿಲು ತೆರೆದ ದಿನ ಬೆಳಿಗ್ಗೆ ಆಕೆ ನನ್ನ ಮೇಜಿನ ಮೇಲೆ ಒಂದು ಮಡಿಸಿದ ಹಾಳೆ ಇಟ್ಟಳು. ‘ನಿಮ್ಮ ಡ್ರಾಫ್ಟು ಸಾರ್. ನಿಮ್ಮ ಹತ್ರಾನೇ ಇರ್ಲಿ. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಇಲ್ಲ ಅನ್ನೋದು ಸುಳ್ಳಾಗಬಾರದಲ್ಲ’ ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಬಂದದ್ದು ಸಂಜೆ ಬಸ್ಸಿನಲ್ಲಿ. ಅದೂ ಸೀಟು ಸಿಕ್ಕ ಮೇಲೆ. ಎರಡು ತಿಂಗಳಿಗೆ ಆಕೆ ಕೆಲಸ ಬಿಟ್ಟಳು. ಬೀಳ್ಕೊಡುಗೆ ಏನೂ ಇರಲಿಲ್ಲ. ಟೈಪ್‌ರೈಟರಿನ ಮೇಲೆ ಹೊದಿಕೆ ಹಾಕಿ, ಅದರ ನಾಲ್ಕೂ ಮೂಲೆ ಎಳೆದು ಸರಿಮಾಡಿ ಹೋದಳು.

ಪ್ರಾಯಶ್ಚಿತ್ತವೆಂದು ನಾನು ವ್ಯಾಕರಣ ಕಲಿಯಲು ಹೊರಟೆ. ನೋಡಿ, ಮನುಷ್ಯ ಎಂಥ ಜಾಣ. ಮಾಡಬೇಕಾದ ಪ್ರಾಯಶ್ಚಿತ್ತ ಪಕ್ಕದ ಹಳ್ಳಿಯಲ್ಲಿತ್ತು, ಎರಡು ಬಸ್ ಸ್ಟಾಪ್ ದೂರ. ನಾನು ಅವೆನ್ಯೂ ರಸ್ತೆಗೆ ಹೋಗಿ ಹಳೆಯ ವ್ಯಾಕರಣದ ಪುಸ್ತಕ ಕೊಂಡೆ. ಹೆಸರು ಒಂದಾದರೆ ಸರ್ವನಾಮ ಒಂದು, ಹೆಸರು ಹೆಣ್ಣಾದರೆ ಸರ್ವನಾಮ ಹೆಣ್ಣು. ಮಾಕಳಿಯ ಮನೆಯಿಂದ ಪೀಣ್ಯಕ್ಕೆ ಬಸ್ಸಿನಲ್ಲಿ ಹೋಗುತ್ತ ಬರುತ್ತ ನಿವೃತ್ತಿಯವರೆಗೂ ಬಾಯಿಪಾಠ ಮಾಡಿದೆ. ‘ಎವೆರಿಬಡಿ’ ಎಂದರೆ ಎಲ್ಲರೂ, ಆದರೆ ವ್ಯಾಕರಣಕ್ಕೆ ಅವರು ಒಬ್ಬರೇ ಎಂದು ಓದಿದ ದಿನ ಪುಸ್ತಕವನ್ನು ಕಿಟಕಿಯಿಂದ ಎಸೆಯಬೇಕೆನಿಸಿತು. ಕಂಪ್ಯೂಟರು ಬಂದ ಮೇಲೆ ನನ್ನ ವಾಕ್ಯಗಳ ಕೆಳಗೆ ಗೆರೆ ಎಳೆಯತೊಡಗಿತು. ಅದಕ್ಕೆ ದಾಕ್ಷಿಣ್ಯವಿಲ್ಲ. ಆಕೆಗೆ ಇತ್ತು ಎಂಬುದು ಒಂದೊಂದು ಗೆರೆ ಬಿದ್ದಾಗಲೂ ನೆನಪಾಗುತ್ತಿತ್ತು. ಇವತ್ತಿಗೂ ಕೇಳಿ, ಅವಸರದಲ್ಲಿ ಬರೆದರೆ ನನ್ನ ಮಗಳು ‘ಹೀ’ ಆಗಿರುತ್ತಾಳೆ.

ಮೂರು ವರ್ಷದ ಹಿಂದೆ ಪೀಣ್ಯದಲ್ಲಿ ಮೆಟ್ರೋ ಹತ್ತಿದಾಗ ಯಾರೋ ಎದ್ದು ನಿಂತು, ‘ಬನ್ನಿ ಸಾರ್, ಕೂತ್ಕೊಳ್ಳಿ’ ಎಂದರು. ಆಕೆ. ತಲೆ ನರೆತಿತ್ತು. ಜೊತೆಗಿದ್ದ ಹೆಂಗಸಿಗೆ ನನ್ನನ್ನು ಪರಿಚಯ ಮಾಡಿಕೊಟ್ಟಳು. ‘ನಮ್ಮ ಮೊದ್ಲನೇ ಸಾರ್ ಕಣೇ ಇವ್ರು. ಇವ್ರ ಡ್ರಾಫ್ಟ್ ಹೊಡೆದೂ ಹೊಡೆದೂ ನಾನು ಇಂಗ್ಲಿಷ್ ಕಲಿತಿದ್ದು.’ ಚುಚ್ಚು ಮಾತೇ ಎಂದು ಮುಖ ನೋಡಿದೆ, ಹಾಗೇನೂ ಕಾಣಲಿಲ್ಲ. ಈಗೆಲ್ಲಿ ಕೆಲಸ ಎಂದು ಕೇಳಿದೆ. ‘ಒಂದು ಗಾರ್ಮೆಂಟ್ಸಲ್ಲಿ ಬಿಲ್ಲಿಂಗ್ ಸಾರ್. ಅಲ್ಲಿಂದ ಬಿಟ್ಟ ಮೇಲೆ ಆರು ಕಡೆ ಮಾಡ್ದೆ. ಎಲ್ಲೂ ಪರ್ಮನೆಂಟ್ ಆಗ್ಲಿಲ್ಲ ನೋಡಿ, ನಂಗೆ ಆ ಯೋಗ ಇಲ್ಲ’ ಎಂದು ನಕ್ಕಳು. ಯೋಗವಂತೆ! ಆ ಯೋಗ ಬೂಟು ಹಾಕಿಕೊಂಡು, ಕೈಚೀಲ ಹಿಡಿದು, ಆಕೆ ಬಿಟ್ಟುಕೊಟ್ಟ ಸೀಟಿನಲ್ಲಿ ಕೂತಿತ್ತು. ನಾನು ಬಾಯಿ ತೆರೆದೆ. ನನ್ನ ಕಣ್ಣಿನ ಪೊರೆಯ ಆಪರೇಷನ್ನಿನ ವಿವರ ಹೇಳತೊಡಗಿದೆ. ಯಾವ ಆಸ್ಪತ್ರೆ, ಎಷ್ಟು ಹೊತ್ತು, ಯಾವ ಹನಿ ಔಷಧಿ. ಆಕೆ ಎಲ್ಲವನ್ನೂ ಕೇಳಿಸಿಕೊಂಡು ಯಶವಂತಪುರದಲ್ಲಿ ಇಳಿದಳು. ಫೋನ್ ನಂಬರನ್ನೂ ಕೇಳಲಿಲ್ಲ ನಾನು.

ಈಗ ಇದನ್ನು ಬರೆಯುವಂತೆ ಮಾಡಿದವರು ಪಕ್ಕದ ಫ್ಲಾಟಿನ ಗೌರಿ. ದಾವಣಗೆರೆ ಕಡೆಯವರು, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕೆಲಸ. ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಸಂಘದವರು, ನಿಮಗೆ ಆಫೀಸಿನ ಅನುಭವವಿದೆ ಎಂದು ನೀರಿನ ಟ್ಯಾಂಕಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ನೋಟಿಸು ಬರೆದುಕೊಡಲು ಹೇಳಿದರು. ಬರೆದು, ಜೀವನದಲ್ಲಿ ಮೊದಲ ಸಲ ನಾನಾಗಿಯೇ ಇನ್ನೊಬ್ಬರ ಬಾಗಿಲು ತಟ್ಟಿ, ‘ಗೌರಿಯವರೇ, ಇದನ್ನ ಸ್ವಲ್ಪ ತಿದ್ದಿಕೊಡ್ತೀರಾ? ಸೆಕ್ರೆಟರಿ ಒಬ್ಬರೇ, ನಾನು ದೇ ಅಂತ ಬರೆದುಬಿಟ್ಟಿದೀನಿ’ ಎಂದೆ. ಅವರು ಓದಿ ನೋಡಿದರು. ‘ಅಜ್ಜಾರೇ, ಇದು ಸರಿನೇ ಐತಿ ಬಿಡ್ರಿ. ಈಗ ಒಬ್ಬರಿಗೂ ದೇ ಅಂತ ಬರೀತಾರ. ನಮ್ಮ ಆಫೀಸ್ನಾಗ ಟ್ರೈನಿಂಗೇ ಕೊಟ್ಟಾರ. ಹೀನೋ ಶೀನೋ ದೇನೋ, ನಾವು ಅಂದ್ಕೊಂಡು ಬರಿಯೋ ಹಂಗಿಲ್ಲರಿ. ಅವರಿಗೇ ಕೇಳಬೇಕು.’

ಆಯಿತಲ್ಲ! ಆರು ಎಲೆ ಹಾಕಿಸಿದ ನನ್ನ ‘ದೇ’ಗೆ ಬೆಂಗಳೂರಿನ ಕಂಪನಿಗಳಲ್ಲಿ ಈಗ ಟ್ರೈನಿಂಗ್ ಕೊಡುತ್ತಾರೆ. ನಾನು ಇನ್ನೊಂದಿಷ್ಟು ವರ್ಷ ತಡವಾಗಿ ಹುಟ್ಟಿದ್ದರೆ ಅರ್ಧ ತಪ್ಪು ತಾನಾಗಿ ಸರಿಯಾಗಿರುತ್ತಿತ್ತು. ಖುಷಿಪಡಬೇಕೆಂದು ನೋಡಿದೆ, ಆಗಲಿಲ್ಲ. ವ್ಯಾಕರಣದವರು ನನ್ನನ್ನು ಮನ್ನಿಸಿದರೆ ಏನು ಬಂತು? ಅವರಿಗೇ ಕೇಳಬೇಕು ಎಂದರಲ್ಲ ಗೌರಿ, ಆ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ಇಪ್ಪತ್ತೈದು ವರ್ಷದಲ್ಲಿ ನಾನು ಆಕೆಯನ್ನು ಕೇಳಿದ್ದು ಒಂದೇ ಪ್ರಶ್ನೆ, ಈಗೆಲ್ಲಿ ಕೆಲಸ ಎಂದು.

ಮಾರನೆಯ ಬೆಳಿಗ್ಗೆ ಕ್ಷಮಾಪಣೆಯ ಕಾಗದ ಬರೆಯಲು ಕುಳಿತೆ. ಕಚೇರಿಯ ತಪ್ಪು, ಇಂಗ್ಲಿಷಿನಲ್ಲೇ ಬರೆಯೋಣ ಎಂದುಕೊಂಡೆ. ಆಗ ತಿಳಿಯಿತು, ಕ್ಷಮೆ ಕೇಳಲು ಬೇಕಾದ ಸರ್ವನಾಮಗಳು ಎರಡೇ: ‘ಐ’ ಮತ್ತು ‘ಯೂ’. ಇವಕ್ಕೆ ಗಂಡು ಹೆಣ್ಣಿನ ಗೊಡವೆಯಿಲ್ಲ, ನನ್ನಂಥವನಿಗೂ ತಪ್ಪು ಮಾಡಲು ದಾರಿಯಿಲ್ಲ. ಇಷ್ಟು ಸುಲಭದ ಇಂಗ್ಲಿಷನ್ನು ಬರೆಯಲಾರದೆ ಎರಡು ಹಾಳೆ ಹರಿದೆ. ಕಳಿಸಲು ವಿಳಾಸವೂ ಇರಲಿಲ್ಲ ಎನ್ನುವುದು ಮೂರನೆಯ ಹಾಳೆಯಲ್ಲಿ ನೆನಪಾಯಿತು. ಅದಕ್ಕೇ ಇಲ್ಲಿ, ಕನ್ನಡದಲ್ಲಿ, ನಿಮ್ಮೆಲ್ಲರ ಮುಂದೆ ಬರೆದಿದ್ದೇನೆ. ಇದರಲ್ಲೂ ನನ್ನ ಬುದ್ಧಿ ಬಿಟ್ಟಿಲ್ಲ. ಬಳೆಯ ಹಾಸ್ಯ ಮಾಡಿದ ಫೋರ್‌ಮನ್ನಿನ ಹೆಸರು ಹೇಳಿದೆ, ಪಕ್ಕದ ಮನೆಯವರ ಹೆಸರು ಹೇಳಿದೆ. ನನ್ನ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಹೋದವರನ್ನು ಮಾತ್ರ ಇಷ್ಟು ಹೊತ್ತೂ ‘ಆಕೆ’ ಎಂದೇ ಸಾಗಿಸಿಬಿಟ್ಟೆ, ಬಹುವಚನವನ್ನೂ ಕೊಡದೆ. ಹೆಸರು ಬರೆದರೆ ಯಾರಾದರೂ ಗುರುತು ಹಿಡಿದು ಅವರಿಗೆ ಇದನ್ನು ತೋರಿಸಿಬಿಟ್ಟಾರು ಎಂಬ ಭಯ. ಆ ಭಯ ಈಗಲೂ ಇದೆ. ತೋರಿಸಲಿ ಎಂದು ಬರೆಯುತ್ತಿದ್ದೇನೆ: ಅವರ ಹೆಸರು ಮುನಿಲಕ್ಷ್ಮಿ.